ತಪ್ಪಿನ ವಹಿ

ನಾನು ಅನುಮಾನದ ಮನುಷ್ಯ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳುವುದೆಲ್ಲ ಆ ಗುಣದಿಂದಲೇ ಆದದ್ದು. ಬೇಳೆ ಕೊಳ್ಳಲು ಹೋದರೆ ಚೀಲದೊಳಗೆ ಮೊಣಕೈವರೆಗೆ ಕೈಹಾಕಿ ಅಡಿಯ ಬೇಳೆ ಮೇಲೆ ತಂದು ನೋಡುತ್ತೇನೆ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುತ್ತೇನೆ. ಅವನು ಹೇಳಿದ ಮೇಲೆ ಪಕ್ಕದ ಸೀಟಿನವರನ್ನೂ ಕೇಳುತ್ತೇನೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ, "ದೇವರಿಗೆ ಕೈಮುಗುದು ಬಂದ ಮ್ಯಾಲೂ ಒಮ್ಮೆ ಹೊಳ್ಳಿ ನೋಡ್ತೀರಲ್ರಿ, ಅಂವ ಅಲ್ಲೇ ಅದಾನೋ ಇಲ್ಲೋ ಅಂತ" ಎಂದು ನಕ್ಕಿದ್ದಳು. ಆಗ ನನಗೂ ನಗು ಬಂದಿತ್ತು.

ಗುಣ ಅಪ್ಪನದು. ಅಪ್ಪ ಗಂಗಾವತಿ ಕಡೆಯ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿದ್ದ. ಸರದಿ ಇಲ್ಲದವರು ತೂಬು ಎತ್ತಿ ಗದ್ದೆಗೆ ನೀರು ಬಿಟ್ಟುಕೊಂಡರೆ ಹಿಡಿಯುವುದು ಅವನ ಕೆಲಸ. ಬೆಳಿಗ್ಗೆ ಬದುವಿನ ಮೇಲೆ ಕೂತು ಮಣ್ಣು ಮುಟ್ಟಿ, ಚಿವುಟಿ, ಮೂಸಿ, ಎಷ್ಟು ಹೊತ್ತಿನ ಹಿಂದೆ ನೀರು ಹರಿದಿದೆ ಎಂದು ಹೇಳುತ್ತಿದ್ದ. ಗದ್ದೆಯವನು ಆಣೆ ಪ್ರಮಾಣ ಮಾಡಿದರೂ ಕೇಳುತ್ತಿರಲಿಲ್ಲ. "ಬಾಯಿ ಸುಳ್ಳ ಹೇಳ್ತೈತಿ, ಹಸಿ ಮಣ್ಣ ಹೇಳಂಗಿಲ್ಲ" ಎನ್ನುತ್ತಿದ್ದ. ನಾನು ಆ ಮಾತನ್ನೇ ನುಂಗಿಕೊಂಡು ಮಾಸ್ತರನಾದೆ.

ನೌಕರಿ ಸಿಕ್ಕಿದ್ದು ಕೊಪ್ಪಳ ಬೇರೆ ಜಿಲ್ಲೆಯಾದ ಹೊಸದರಲ್ಲಿ, ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ. ನಾಲ್ಕೈದು ವರ್ಷ ಕಳೆದ ಮೇಲೆ ಆ ಶಾಲೆಗೆ ಒಂದು ಕಂಪ್ಯೂಟರ್ ಬಂತು. ನಮ್ಮ ಹೆಡ್‌ಮಾಸ್ತರು ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಟೇಲರನಿಂದ ಅಳತೆ ತೆಗೆಸಿ ಬಟ್ಟೆಯ ಅಂಗಿ ಹೊಲಿಸಿದರು. ಆಮೇಲೆ ಕೋಣೆಗೆ ಕೀಲಿ ಜಡಿದು ಕೀಲಿಕೈಯನ್ನು ಜನಿವಾರಕ್ಕೋ ಉಡದಾರಕ್ಕೋ ಕಟ್ಟಿಕೊಂಡವರ ಹಾಗೆ ಕಾಯ್ದರು. ಶಾಲೆಗೆ ಬಂದ ಪ್ರತಿ ಸಾಮಾನೂ ದಾಸ್ತಾನು ವಹಿಯಲ್ಲಿ ಏರುತ್ತದೆ. ಹೆಡ್‌ಮಾಸ್ತರು ಬದಲಾಗುವಾಗ ಆ ವಹಿ ಹಿಡಿದು ಒಂದೊಂದನ್ನೂ ಹೊಸಬರಿಗೆ ಒಪ್ಪಿಸಬೇಕು. ಅವರು ನಿವೃತ್ತರಾದ ದಿನ ಕೀಲಿ ತೆಗೆದಾಗ ಕೀಬೋರ್ಡಿನ ಮೇಲಿನ ತೆಳು ಪ್ಲಾಸ್ಟಿಕ್ ಕೂಡ ಹಾಗೇ ಇತ್ತು. "ಒಂದ ಗುಂಡಿ ಸವದಿಲ್ಲ ನೋಡ್ರಿ" ಎಂದು ಹೊಸಬರಿಗೆ ಹೆಮ್ಮೆಯಿಂದ ತೋರಿಸಿದರು. ನಾನು ಹೊರಗೆ ಹೋಗಿ ನಕ್ಕು ಬಂದೆ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು: ನಮ್ಮಲ್ಲಿ ಕೆಟ್ಟ ಸಾಮಾನಿನ ಬಗ್ಗೆ ಕೇಳುವವರು ಇದ್ದಾರೆ, ಬಳಸದ ಸಾಮಾನಿನ ಬಗ್ಗೆ ಕೇಳುವವರು ಇಲ್ಲ. ಅವರು ತಿಳಿದೇ ಕಾಯ್ದಿದ್ದರು.

ಮುಂದೆ ನಾನೇ ಸಿಆರ್‌ಪಿ ಆಗಿ ಯಲಬುರ್ಗಾ ತಾಲ್ಲೂಕಿಗೆ, ಬೇವೂರಿನ ಸುತ್ತಲ ಶಾಲೆಗಳಿಗೆ ಬಂದೆ. ಸಿಆರ್‌ಪಿ ಅಂದರೆ ಹತ್ತು ಹದಿನೈದು ಶಾಲೆ ಸುತ್ತಿ ಶಿಕ್ಷಕರಿಗೆ ನೆರವಾಗುವವನು ಎಂದು ಆದೇಶದಲ್ಲಿ ಬರೆದಿರುತ್ತದೆ. ಶಿಕ್ಷಕರ ಲೆಕ್ಕದಲ್ಲಿ ಅವನು ಸಾಹೇಬರ ಕಣ್ಣು. ನನ್ನ ಬೈಕಿನ ಸದ್ದು ಊರಬಾಗಿಲಿಗೆ ಬರುವ ಹೊತ್ತಿಗೆ ಶಾಲೆಯಲ್ಲಿ ಮಗ್ಗಿ ಶುರುವಾಗುತ್ತಿತ್ತು. ಇನ್ನೊಬ್ಬರಾದರೆ ಅದನ್ನು ಮರ್ಯಾದೆ ಎಂದುಕೊಳ್ಳುತ್ತಿದ್ದರು. ನಾನು ಎರಡು ಫರ್ಲಾಂಗ್ ದೂರದಲ್ಲೇ ಬೈಕ್ ನಿಲ್ಲಿಸಿ ನಡೆದು ಹೋಗುವುದನ್ನು ರೂಢಿ ಮಾಡಿಕೊಂಡೆ.

ಆ ವರ್ಷ ದಸರೆ ರಜೆ ಮುಗಿದ ಮೇಲೆ ನಮ್ಮ ಶಾಲೆಗಳಿಗೆ ತಲಾ ಒಂದು ಟ್ಯಾಬು, ಗೋಡೆಯ ಮೇಲೆ ಚಿತ್ರ ಬಿಡುವ ಒಂದು ಸಣ್ಣ ಪ್ರೊಜೆಕ್ಟರು ಬಂದವು. ಕೂಡಲೇ ಸುದ್ದಿ ಹುಟ್ಟಿತು: ಟ್ಯಾಬಿನೊಳಗಿನ ಕ್ಯಾಮೆರಾದಿಂದ ಬೆಂಗಳೂರಿನಲ್ಲಿ ಕೂತವರು ನಮ್ಮನ್ನೆಲ್ಲ ನೋಡುತ್ತಾರಂತೆ. ಮಾಸ್ತರು ಎಷ್ಟಕ್ಕೆ ಬಂದ, ಎಷ್ಟಕ್ಕೆ ಆಕಳಿಸಿದ, ಎಲ್ಲ ಅದರಲ್ಲಿ ಬರುತ್ತದಂತೆ. ಒಂದು ಶಾಲೆಯಲ್ಲಿ ಟ್ಯಾಬನ್ನು ಮಕಾಡೆ ಮಲಗಿಸಿ ಮೇಲೆ ಟವೆಲ್ ಹೊದಿಸಿದ್ದರು. ಇನ್ನೊಂದರಲ್ಲಿ ಕ್ಯಾಮೆರಾದ ಕಣ್ಣಿಗೆ ಯಾರೋ ಟೀಚರು ತಮ್ಮ ಹಣೆಯ ಟಿಕಳಿ ತೆಗೆದು ಅಂಟಿಸಿದ್ದರು. ಹಾಗೇನೂ ಇಲ್ಲ ಎಂದು ನಾನು ಎಲ್ಲರಿಗೂ ಹೇಳಿದೆ. ಮನೆಗೆ ಬಂದು ನನಗೆ ಕೊಟ್ಟಿದ್ದ ಟ್ಯಾಬಿನ ಕಣ್ಣಿಗೂ ಒಂದು ತುಂಡು ಅಂಟುಪಟ್ಟಿ ಹಚ್ಚಿದೆ.

ಯಲಬುರ್ಗಾದಲ್ಲಿ ನಮಗೆ ಎರಡು ದಿನದ ತರಬೇತಿ ಇತ್ತು. ಕಲಿಸಲು ಬಂದವಳು ಯಾವುದೋ ಸಂಸ್ಥೆಯ ಹುಡುಗಿ, ಧಾರವಾಡ ಕಡೆಯವಳು. ಆಕೆ ಗುಂಡಿ ಒತ್ತುವುದನ್ನು ಕಲಿಸಲೇ ಇಲ್ಲ. "ಯಂತ್ರ ಕಲಿಸಬ್ಯಾಡ್ರಿ ಸರ್, ಅದಕ್ಕ ಕೈ ಹಾಕೂ ರೂಢಿ ಹಚ್ಚ್ರಿ" ಎಂದಳು. "ದಿನಾ ಒಂದ ಹೊತ್ತು, ಒಂದ ಪಾಠ, ಹತ್ತ ನಿಮಿಷ. ಕೆಟ್ಟರ ಕೆಡ್ಲಿ. ಏನ ಕೆಡ್ತು, ನಾಳೆ ಏನ್ ಮಾಡ್ತೀನಿ ಅಂತ ಎರಡ ಸಾಲು ಬರದಿಡ್ಲಿ. ಛಲೋ ಆಗಿದ್ದು ಬರಿಯೂದ ಬ್ಯಾಡ." ಹಲಗೆಯ ಪಕ್ಕದಲ್ಲಿ ಒಂದು ಮೊಳೆ, ಮೊಳೆಗೆ ಒಂದು ವಹಿ, ವಹಿಗೆ ಕಟ್ಟಿದ ಒಂದು ಪೆನ್ನು. ಅದೇ ಆಕೆಯ ಉಪಾಯ.

ನನಗೆ ಸುಮ್ಮನಿರಲು ಆಗಲಿಲ್ಲ. "ಆ ವಹಿ ಯಾರ ನೋಡ್ತಾರ್ರಿ?" ಎಂದು ಕೇಳಿದೆ.

"ಬರದಾವ್ರು, ಮತ್ತ ನೀವು. ಮತ್ಯಾರೂ ನೋಡಬಾರ್ದು. ನೋಡಿದ್ರ ರೂಢಿ ಅಲ್ಲೇ ಸತ್ತಂಗ."

"ಇದರಿಂದ ನಿಮಗೇನ ಲಾಭ?"

ಹುಡುಗಿ ನಕ್ಕುಬಿಟ್ಟಳು. "ಎಲ್ಲಾರಿಗೂ ಹಿಂಗ ಕೇಳ್ತೀರೇನ್ರಿ ಸರ್?"

ಎಲ್ಲರಿಗೂ ಹಾಗೇ ಕೇಳುತ್ತೇನೆ ಎಂದು ನಾನು ಹೇಳಲಿಲ್ಲ. ಆದರೆ ಉಪಾಯ ಮಾತ್ರ ಮನಸ್ಸಿಗೆ ಹತ್ತಿತು. ಕುಷ್ಟಗಿಯ ಆ ಅಂಗಿ ತೊಟ್ಟ ಕಂಪ್ಯೂಟರ್ ನೆನಪಾಯಿತು. ಕೆಟ್ಟದ್ದನ್ನು ಯಾರೂ ಕೇಳುವುದಿಲ್ಲ ಎಂಬ ಧೈರ್ಯವಿದ್ದರೆ ಅದರ ಗುಂಡಿಯೂ ಸವೆಯುತ್ತಿತ್ತೇನೋ.

ಎಲ್ಲ ಶಾಲೆಗೂ ಉದ್ದನೆಯ ಒಂದೊಂದು ವಹಿ ಕೊಟ್ಟೆ. ಕೊಡುವಾಗ ಒಂದೇ ಮಾತು ಹೇಳಿದೆ: "ಇದು ಮ್ಯಾಲ ಹೋಗಂಗಿಲ್ಲ. ಇದಕ್ಕ ಸಹಿ ಇಲ್ಲ, ಸಿಕ್ಕಾ ಇಲ್ಲ. ನಮ್ಮ ನಮ್ಮೊಳಗಿಂದು." ಒಬ್ಬ ಹೆಡ್‌ಮಾಸ್ತರು, ನಿವೃತ್ತಿಗೆ ಹತ್ತಿರ ಬಂದ ಮನುಷ್ಯ, ವಹಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸಹಿ ಬ್ಯಾಡಂದ್ರ ಮತ್ಯಾಕ ಬರೀಬೇಕ್ರಿ?"

"ನಿಮಗ ಗೊತ್ತಾಗಾಕ್ರಿ, ಏನ್ ತಪ್ಪ ಆತು ಅಂತ."

"ತಪ್ಪ ಆಗಿದ್ದು ನಮಗ ಗೊತ್ತ ಇರ್ತೈತಲ್ರಿ. ಬರದ್ರ ಊರಿಗೆಲ್ಲ ಗೊತ್ತಾಗ್ತೈತಿ." ಆಮೇಲೆ ದನಿ ಇಳಿಸಿ, "ಬರದದ್ದು ಒಮ್ಮೆ ಸಾಲಿ ಬಿಟ್ಟು ಹೊರಗ ಹೋತಂದ್ರ ಅದು ನಮ್ಮ ಕೈಯಾಗ ಇರಂಗಿಲ್ರಿ ಸರ್" ಎಂದರು. ಹಳೆಯ ತಲೆ, ಹಾವು ಕಚ್ಚಿದವನಿಗೆ ಹಗ್ಗದ ಭಯ ಎಂದುಕೊಂಡು ನಾನು ಬೈಕ್ ಹತ್ತಿದೆ.

ಎರಡು ತಿಂಗಳು ಕಳೆದು ವಹಿಗಳನ್ನು ನೋಡಿದಾಗ ನನ್ನ ರಕ್ತ ಕುದಿಯಿತು. ತಪ್ಪು ಬರೆಯಿರಿ ಎಂದು ಕೊಟ್ಟ ವಹಿಯಲ್ಲಿ ಎಲ್ಲರೂ ಒಂದೇ ಸಾಲು ಬರೆದಿದ್ದರು: "ಉಪಕರಣವನ್ನು ಸಮರ್ಪಕವಾಗಿ ಬಳಸಲಾಯಿತು. ಮಕ್ಕಳು ಸಂತಸದಿಂದ ಕಲಿತರು." ತಪಾಸಣೆಗೆ ಬರುವವರಿಗಾಗಿ ಪಾಠದ ಡೈರಿಯಲ್ಲಿ ಬರೆಯುವ ಭಾಷೆ ಅದು, ಕೈ ತಾನಾಗಿ ಬರೆಯುತ್ತದೆ, ತಲೆಯನ್ನು ಕೇಳುವುದಿಲ್ಲ. ನಾನು ಅಪ್ಪನ ಹಾಗೆ ಮಣ್ಣು ಮುಟ್ಟಿದೆ. ಹಾಳೆ ಬೆಳಕಿಗೆ ಹಿಡಿದೆ, ಅಕ್ಷರದ ಮೇಲೆ ಹೆಬ್ಬೆರಳು ಉಜ್ಜಿದೆ. ನಿವೃತ್ತಿಗೆ ಹತ್ತಿರವಿದ್ದ ಆ ಹೆಡ್‌ಮಾಸ್ತರರ ವಹಿಯಲ್ಲಿ ಮೂರು ವಾರದ ಬರಹ ಒಂದೇ ಪೆನ್ನಿನದು, ಒಂದೇ ಓರೆ, ಒಂದೇ ಸಲ ಕೂತು ಬರೆದದ್ದು. ಬೆರಳಿಗೆ ಮಸಿ ಹತ್ತಿತು. ಅದಕ್ಕಿಂತ ಚೆಂದದ್ದು ಇನ್ನೊಂದಿತ್ತು. ಎಳ್ಳ ಅಮಾವಾಸ್ಯೆಯ ದಿನವೂ ಮಕ್ಕಳು ಸಂತಸದಿಂದ ಕಲಿತಿದ್ದರು. ಅವತ್ತು ಊರಿಗೆ ಊರೇ ಭೂತಾಯಿಗೆ ಎಡೆ ಕೊಟ್ಟು ಚರಗ ಚೆಲ್ಲಲು ಹೊಲಕ್ಕೆ ಹೋಗಿತ್ತು. ಸ್ವತಃ ಹೆಡ್‌ಮಾಸ್ತರರು ತಮ್ಮ ಹೊಲದಲ್ಲಿ ಕೂತು ನನಗೇ ಫೋನ್ ಮಾಡಿ ಸಜ್ಜಿ ಕಡುಬು ತಿನ್ನಲು ಕರೆದಿದ್ದರು.

ಒಂದು ವಹಿ ಮಾತ್ರ ಬೇರೆ ಇತ್ತು. ಬೇವೂರಿನಿಂದ ಒಳಗೆ ಹೋಗುವ ರಸ್ತೆಯ ಒಂದು ಸಣ್ಣ ಶಾಲೆ, ಐದನೆಯ ತರಗತಿಯ ಟೀಚರ್ ಬರೆದದ್ದು. ನಲವತ್ತರ ಆಚೀಚೆಯ ಹೆಂಗಸು, ಮಾತು ಕಡಿಮೆ, ಸಭೆಯಲ್ಲಿ ಯಾವಾಗಲೂ ಕೊನೆಯ ಬೆಂಚು. ಆಕೆಯ ವಹಿ ಹೀಗಿತ್ತು:

"ಇವತ್ತು ಪ್ರೊಜೆಕ್ಟರ್ ಹತ್ತಲಿಲ್ಲ. ವೈರು ಉಲ್ಟಾ ಹಾಕಿದ್ದೆ. ಮಕ್ಕಳು ನಕ್ಕರು. ನಾಳೆ ಪ್ರಾರ್ಥನೆಗೆ ಮೊದಲೇ ಹಾಕಿ ನೋಡುವುದು."

"ಹತ್ತಿತು. ಆದರೆ ಬಿಸಿಲಿಗೆ ಗೋಡೆಯ ಮೇಲೆ ಏನೂ ಕಾಣಲಿಲ್ಲ. ನಾಳೆ ಕಿಟಕಿಗೆ ಕಟ್ಟಲು ಕೌದಿ ತರುವುದು."

"ಕೌದಿ ಕಟ್ಟಿದೆ. ಕಂಡಿತು. ಕರೆಂಟ್ ಹೋಯಿತು."

"ಘನಫಲದ ಪಾಠದಲ್ಲಿ ಈಜುವ ಕೊಳ ತೋರಿಸಿತು. ಬಾವಿ ಯಾಕೆ ಚೌಕ ಇದೆ, ನೀರು ಯಾಕೆ ನೀಲಿ ಇದೆ ಎಂದು ಮಕ್ಕಳು ಕೇಳಿದರು. ಅದನ್ನೇ ಹೇಳುತ್ತ ಪಾಠ ಉಳಿಯಿತು. ನಾಳೆ ನಮ್ಮ ಶಾಲೆಯ ನೀರಿನ ತೊಟ್ಟಿ ಅಳೆದು ಆಮೇಲೆ ಚಿತ್ರ ತೋರಿಸುವುದು."

ಪುಟ ಪುಟ ಹೀಗೇ. ಓದಿ ಯಾರಿಗಾದರೂ ಖುಷಿಯಾಗಬೇಕಿತ್ತು. ನನಗೆ ಅನುಮಾನ ಬಂತು. ಇಷ್ಟು ನಿಜ ಯಾರು ಬರೆಯುತ್ತಾರೆ? ಯಂತ್ರ ತನಗೆ ಒಗ್ಗುವುದಿಲ್ಲ ಎಂದು ಸಾಧಿಸಿ ಬೇರೆಯವರ ತಲೆಗೆ ಕಟ್ಟುವ ಹಂಚಿಕೆಯೋ? ಅಥವಾ ಸಿಆರ್‌ಪಿಗೆ ಬೇಕಾದದ್ದು ಇದೇ ಎಂದು ತಿಳಿದು ಕತೆ ಕಟ್ಟುತ್ತಿದ್ದಾಳೋ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ನನ್ನ ಕಣ್ಣು ಆ ವಹಿಯ ಬಿಳಿ ಹಾಳೆಯನ್ನೂ ಬಿಡಲಿಲ್ಲ.

ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹೋದೆ. ಬೈಕನ್ನು ಊರ ಹೊರಗೆ ಜಾಲಿ ಗಿಡದ ಮರೆಗೆ ನಿಲ್ಲಿಸಿ, ಶಾಲೆಯ ಹಿಂದಿನ ಗೋಡೆ ಹಿಡಿದು ನಡೆದೆ. ಕಿಟಕಿಗೆ ಬಣ್ಣಬಣ್ಣದ ತುಂಡು ಸೇರಿಸಿ ಹೊಲಿದ ಕೌದಿ ತೂಗುತ್ತಿತ್ತು. ನಾನು ಅದಕ್ಕೆ ಕಿವಿ ಹಚ್ಚಿ ನಿಂತೆ. ನನ್ನ ವಯಸ್ಸು, ನನ್ನ ಹುದ್ದೆ ಯಾವುದೂ ಆಗ ಅಡ್ಡ ಬರಲಿಲ್ಲ.

ಒಳಗೆ ಆಕೆ ಹೇಳುತ್ತಿದ್ದಳು, "ಇವತ್ತೂ ಬರವಲ್ದು ನೋಡ್ರಿ. ಚಿತ್ರಾ ಬಂತು, ಮಾತು ಬರವಲ್ದು. ಯಾಕಿರಬೇಕು?"

"ಟೀಚರ್, ಆ ಕರೇ ಡಬ್ಬಿದು ಗುಂಡಿ ಒತ್ತಿಲ್ರಿ."

"ಹೌದಲ್ಲ! ನಿನ್ನೆನೂ ಇದ ಮರ್ತಿದ್ದೆ. ಬರೀತೀನಿ ತಡಿ, ಎರಡ ಸಲ ಮರ್ತೆ ಅಂತ."

ಮಕ್ಕಳು ಗೊಳ್ಳೆಂದು ನಕ್ಕರು, ಆಕೆಯೂ ನಕ್ಕಳು. ಇಪ್ಪತ್ತು ವರ್ಷ ಶಾಲೆಗಳಲ್ಲಿ ಕಳೆದಿದ್ದೆ. ತನ್ನ ತಪ್ಪಿಗೆ ಮಕ್ಕಳ ಜೊತೆ ಸೇರಿ ನಗುವ ಶಿಕ್ಷಕರನ್ನು ನಾನು ಅಷ್ಟಾಗಿ ಕಂಡಿರಲಿಲ್ಲ. ಆದರೂ ಕೌದಿ ಸರಿಸಿ ಇಣುಕಿ ನೋಡಿದೆ. ನಿಜವಾಗಿ ಚಿತ್ರ ಇದೆಯೋ ಇಲ್ಲವೋ ಎಂದು. ಇತ್ತು. ಕಿಟಕಿಯಿಂದ ಬೆಳಕು ಬಿದ್ದು ಗೋಡೆಯ ಚಿತ್ರ ಅಳಿಸಿಹೋಯಿತು, ಮಕ್ಕಳು "ಯಾರದು?" ಎಂದು ಚೀರಿದರು, ವಹಿಯಲ್ಲಿ ಆ ಸಾಲು ಬರೆಯುತ್ತಿದ್ದ ಆಕೆ ತಿರುಗಿ ನೋಡಿದಳು.

ವರಾಂಡಕ್ಕೆ ಬಂದ ಆಕೆಯ ಮುಖದಲ್ಲಿ ನಗು ಇರಲಿಲ್ಲ. "ಬಾಗಲಾ ತಗದ ಇತ್ತಲ್ರಿ ಸರ್" ಎಂದಳು. ನಾನು ಬಿಸಿಲು, ನೆರಳು ಎಂದು ಏನೋ ತೊದಲಿದೆ. ಆಕೆ ಅದನ್ನು ಕೇಳಿಸಿಕೊಳ್ಳದೆ, "ಒಂದ ಮಾತ ಕೇಳ್ತೀನ್ರಿ. ಈ ವಹಿ ಮ್ಯಾಲ ಹೋಗಂಗಿಲ್ಲ ಹೌದಿಲ್ರಿ?" ಎಂದಳು.

"ಹೋಗಂಗಿಲ್ಲ ಅಂದ್ರ ಹೋಗಂಗಿಲ್ರಿ. ಯಾಕ?"

ಆಗ ಆಕೆ ತನ್ನ ವಿಷಯ ಹೇಳಿದಳು. ಗಂಡನಿಗೆ ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಈಕೆ ಮಗಳನ್ನು ಕಟ್ಟಿಕೊಂಡು ಈ ಹಳ್ಳಿಯಲ್ಲಿ ಬಾಡಿಗೆಯ ಕೋಣೆ ಹಿಡಿದು ಆರು ವರ್ಷವಾಗಿತ್ತು. ಭಾನುವಾರ ಎರಡು ಬಸ್ಸು ಬದಲಿಸಿ ಹೋದರೆ ಒಮ್ಮೊಮ್ಮೆ ಅವನು ಹಗಲು ಪಾಳಿಯಲ್ಲಿ ಇರುತ್ತಿದ್ದ. "ನನ್ನ ಮಗಳು ವಾರದ ಹೆಸರು ಕಲಿಯೂಕಿಂತ ಮೊದಲ ಪಾಳಿ ಹೆಸರು ಕಲ್ತಾಳ್ರಿ. ಈ ಸಲ ವರ್ಗಾವಣಿ ಪಟ್ಟಿಯೊಳಗ ನನ್ನ ಹೆಸರ ಮ್ಯಾಲ ಐತಿ. ಗಿಣಿಗೇರಾ ಕಡೀದು ಒಂದ ಜಾಗಾ ಖಾಲಿ ಆಗೈತಿ. ನೋಟಿಸು ಗೀಟಿಸು ಬಾಕಿ ಇದ್ರ ಹೆಸರ ತಗೀತಾರಂತ. ಅದಕ್ಕ ಕೇಳಿದೆ."

"ಅಂಜಬ್ಯಾಡ್ರಿ. ನನ್ನ ಮಾತ ಐತಿ" ಎಂದೆ. ನಿಜವಾಗಿಯೂ ಮನಸ್ಸಿನಿಂದಲೇ ಹೇಳಿದೆ.

ಅಲ್ಲಿಗೇ ಹೊರಟು ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನನ್ನ ಹಾಳು ಬುದ್ಧಿ ಸುಮ್ಮನಿರಲಿಲ್ಲ. ಬೇರೆ ಶಾಲೆಗಳ ಸುಳ್ಳಿನ ವಹಿಗಳನ್ನು ಆಗಲೇ ನನ್ನ ಕೋಣೆಗೆ ತಂದಿಟ್ಟುಕೊಂಡಿದ್ದೆ. ಅವುಗಳ ಪಕ್ಕದಲ್ಲಿಟ್ಟು ನೋಡಲು ಒಂದು ನಿಜದ ವಹಿ ಬೇಕು, ಮಸಿ, ತಾರೀಖು, ಕರೆಂಟ್ ಹೋದ ದಿನ ಎಲ್ಲ ತಾಳೆ ನೋಡಬೇಕು ಎನ್ನಿಸಿತು. ಬೇಕು ಅಂದರೆ ಏನು ಬೇಕು? ಕಣ್ಣಾರೆ ಕಂಡ ಮೇಲೂ ನಂಬಿಕೆ ಬಂದಿರಲಿಲ್ಲ, ಅಷ್ಟೇ. ಮೊಳೆಯಿಂದ ವಹಿ ತೆಗೆದೆ.

"ಎಲ್ಲಿಗಿ ಒಯ್ತೀರ್ರಿ?"

"ಎರಡ ದಿನಾ. ತಂದ ಕೊಡ್ತೀನಿ."

ಆಕೆ ಪೆನ್ನು ಕಟ್ಟಿದ ದಾರ ಬಿಚ್ಚಿ ಪೆನ್ನನ್ನು ತನ್ನ ಹತ್ತಿರವೇ ಇಟ್ಟುಕೊಂಡಳು.

ಮರುದಿನವೇ ತಾಲ್ಲೂಕು ಮಟ್ಟದ ಸಭೆಗೆ ಕರೆ ಬಂತು. ಎಲ್ಲ ಸಿಆರ್‌ಪಿಗಳೂ ತಮ್ಮ ಶಾಲೆಗಳಲ್ಲಿ ಟ್ಯಾಬು ಎಷ್ಟು ಬಳಕೆಯಾಗಿದೆ ಎಂದು ಹೇಳಬೇಕಿತ್ತು. ಉಳಿದವರು ಫೋಟೋ ತೋರಿಸಿದರು: ನಗುವ ಮಕ್ಕಳು, ಬೆಳಗುವ ಗೋಡೆ. ತಾಲ್ಲೂಕಿಗೆ ಹೊಸದಾಗಿ ಬಂದಿದ್ದ ಶಿಕ್ಷಣಾಧಿಕಾರಿ ಸಾಹೇಬರು ತಲೆಯಾಡಿಸುತ್ತ ಹೋದರು. ನನ್ನ ಸರದಿ ಬಂತು. ನಾನು ಸುಮ್ಮನೆ ಎರಡು ಮಾತು ಹೇಳಿ ಕೂರಬಹುದಿತ್ತು. ಆದರೆ ಕಳ್ಳನನ್ನು ಹಿಡಿದವನಿಗೆ ಹಿಡಿದದ್ದನ್ನು ತೋರಿಸದೆ ನಿದ್ದೆ ಬರುವುದಿಲ್ಲ. "ಸರ್, ಫೋಟೋ ನಂಬಬ್ಯಾಡ್ರಿ" ಎಂದೆ. "ನಮ್ಮ ಕಡೆ ಎಳ್ಳ ಅಮಾಸಿ ದಿನಾನೂ ಮಕ್ಕಳು ಸಂತಸದಿಂದ ಕಲ್ತಾರ." ಸಭೆ ನಕ್ಕಿತು. ನನಗೆ ಹಿತವಾಯಿತು.

"ಎಲ್ಲೈತಿ? ತೋರಸ್ರಿ" ಎಂದರು ಸಾಹೇಬರು.

ಆಗ ನನಗೆ ಎಚ್ಚರವಾಗಬೇಕಿತ್ತು. ಬಳಕೆಯ ಲೆಕ್ಕ ಹೇಳಲು ಬೇಕಾದೀತೆಂದು ತಂದಿದ್ದ ವಹಿಗಳೆಲ್ಲ ನನ್ನ ಕೈಚೀಲದಲ್ಲಿದ್ದವು. ಹೆಡ್‌ಮಾಸ್ತರರದನ್ನಷ್ಟೇ ಎಳೆಯಲು ಹೋದೆ. ಸಾಹೇಬರು ಕೈ ಚಾಚಿ, "ಎಲ್ಲಾ ಕೊಡ್ರಿ, ನೋಡೂಣ" ಎಂದರು. ಕೊಟ್ಟೆ. ಮೇಲೆ ಹೋಗುವುದಿಲ್ಲ ಎಂದು ಹತ್ತು ಕಡೆ ಮಾತು ಕೊಟ್ಟಿದ್ದ ವಹಿಗಳನ್ನು ಎರಡೂ ಕೈಯಿಂದ ಎತ್ತಿ ಕೊಟ್ಟೆ.

ಅಮಾವಾಸ್ಯೆಯ ಸಾಲು ನೋಡಿ ಸಾಹೇಬರೂ ನಕ್ಕರು. "ತಾರೀಖು ನೋಡಿ ಬರಿಯಾಕ ಹೇಳ್ರಿ ಅವರಿಗೆ" ಎಂದು ಆ ವಹಿ ಆಚೆ ಇಟ್ಟರು. ಅಷ್ಟೇ. ಉಳಿದವನ್ನು ಸರಸರ ತಿರುವಿ, "ಬಳಸಲಾಯಿತು, ಬಳಸಲಾಯಿತು, ಸರಿ" ಎಂದರು. ಆಮೇಲೆ ಆ ಟೀಚರ್ ಬರೆದ ವಹಿ ತೆರೆದರು. ಒಂದು ಪುಟ ಓದಿದರು, ಇನ್ನೊಂದು, ಮತ್ತೊಂದು. ಹಣೆ ಗಂಟಿಕ್ಕಿತು. ದೊಡ್ಡದಾಗಿ ಓದತೊಡಗಿದರು, "ಹತ್ತಲಿಲ್ಲ... ಕಾಣಲಿಲ್ಲ... ಪಾಠ ಉಳಿಯಿತು... ಮಕ್ಕಳು ನಕ್ಕರು." ಸಭೆ ಮತ್ತೆ ನಕ್ಕಿತು. ನನ್ನ ಮಾತಿಗೆ ನಕ್ಕ ಬಾಯಿಗಳೇ.

"ಎರಡ ತಿಂಗಳಾತು, ಈಕೀಗೆ ಒಂದ ದಿನಾನೂ ಬಳಸಾಕ ಬಂದಿಲ್ಲ. ತನ್ನ ಕೈಯಾರೆ ಬರದ ಕೊಟ್ಟಾಳ. ನೋಟಿಸು ಕೊಡ್ರಿ."

ನಾನು ಎದ್ದು ನಿಂತೆ. "ಸರ್, ಅದು ಹಂಗಲ್ರಿ. ತಪ್ಪ ಬರೀರಿ ಅಂತ ನಾನ ಹೇಳಿದ್ದೆ. ಆಕಿ ಒಬ್ಬಾಕೀನ ಖರೇ..."

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಅಂದ್ರ ನಿಮ್ಮ ಶಾಲಿಗಳೊಳಗ ಉಳದಾವ್ರೆಲ್ಲಾ ಸುಳ್ಳ, ಬರಿಯಾಕ ಹಚ್ಚಿದಾವ್ರು ನೀವು. ಹಂಗಾದ್ರ ನೋಟಿಸು ಯಾರ ಹೆಸರಿಗೆ ಬರೀಲಿ, ನಿಮ್ಮ ಹೆಸರಿಗೇನು?"

ನನ್ನ ಹುದ್ದೆ ಹೋಗಿ ಮತ್ತೆ ಯಾವುದೋ ಮೂಲೆಯ ಶಾಲೆಗೆ ಹೋಗುವುದು, ನನ್ನ ಮಕ್ಕಳ ಕಾಲೇಜು, ಹೆಂಡತಿಯ ಮುಖ, ಎಲ್ಲ ಒಂದು ಕ್ಷಣದಲ್ಲಿ ಕಣ್ಣ ಮುಂದೆ ಬಂತು. ಬರೆಯಿರಿ ಸರ್, ನನ್ನ ಹೆಸರಿಗೇ ಬರೆಯಿರಿ ಎಂದು ಹೇಳಲು ಒಂದು ಉಸಿರು ಸಾಕಿತ್ತು. ನಾನು ಕೂತುಬಿಟ್ಟೆ. ಆ ಕುರ್ಚಿಯಲ್ಲಿ ಕೂತ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಜನ್ಮವಿಡೀ ಎಲ್ಲರನ್ನೂ ಅನುಮಾನದಿಂದ ನೋಡಿದವನು ನನ್ನೊಬ್ಬನ ಮೇಲೆ ಮಾತ್ರ ಅನುಮಾನ ಪಟ್ಟಿರಲಿಲ್ಲ.

ಹಳ್ಳಿ ಶಾಲೆಗಳಿಗೆ ಟಪಾಲು ಮುಟ್ಟಿಸುವುದೂ ಸಿಆರ್‌ಪಿಯ ಕೆಲಸವೇ. ನೋಟಿಸನ್ನು ನಾನೇ ಒಯ್ದೆ. ಅವತ್ತು ಬೈಕನ್ನು ಶಾಲೆಯ ಗೇಟಿನವರೆಗೂ ಸದ್ದು ಮಾಡಿಕೊಂಡು ಓಡಿಸಿದೆ. ಆಕೆ ವರಾಂಡಕ್ಕೆ ಬಂದು ಲಕೋಟೆ ಒಡೆದು ಓದಿದಳು. ಎರಡನೆಯ ಸಲ ಓದಿದಳು. ಅದರಲ್ಲಿ ಆಕೆಯದೇ ವಾಕ್ಯಗಳನ್ನು ಎತ್ತಿ ಬರೆದಿದ್ದರು. ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ. ಬೈಗುಳ ಕೇಳಲು ತಯಾರಾಗಿಯೇ ಹೋಗಿದ್ದೆ.

"ಎರಡ ದಿನಾ ಅಂದಿದ್ರಿ" ಎಂದಳು.

ನೋಟಿಸು ಮುಟ್ಟಿದ್ದಕ್ಕೆ ಸಹಿ ಹಾಕಿಕೊಟ್ಟಳು. ನಾನು ಕಚೇರಿಯಿಂದ ಮರಳಿ ತಂದಿದ್ದ ವಹಿಯನ್ನು ಚೀಲದಿಂದ ತೆಗೆದು ಕೊಟ್ಟೆ. ಅದನ್ನು ಎರಡೂ ಕೈಯಿಂದ ಇಸಿದುಕೊಂಡು ಒಳಗೆ ಹೋಗಿ ಮೊಳೆಗೆ ತೂಗುಹಾಕಿದಳು. "ನಾ ಬರದ ಕೊಡ್ತೀನ್ರಿ, ನಿಮ್ಮ ತಪ್ಪಿಲ್ಲ ಅಂತ" ಎಂದೆ.

ಬರೆದುಕೊಟ್ಟೆ. ಸುಳ್ಳು ಹೇಳುವುದಿಲ್ಲ, ಹತ್ತು ದಿನ ತಡ ಮಾಡಿ ಕೊಟ್ಟೆ. ಒಂದು ದಿನ ಸಾಹೇಬರ ಮೂಡು ಸರಿಯಿಲ್ಲ, ಒಂದು ದಿನ ನನ್ನ ಧೈರ್ಯ ಸರಿಯಿಲ್ಲ. "ನೋಡೂಣ" ಎಂದು ಫೈಲಿಗೆ ಹಾಕಿದರು. ಬೇಸಿಗೆ ರಜೆಯಲ್ಲಿ ಪಟ್ಟಿ ಬಂದಾಗ ಆಕೆಯ ಹೆಸರು ಇರಲಿಲ್ಲ. ಗಿಣಿಗೇರಾ ಕಡೆಯ ಆ ಜಾಗಕ್ಕೆ ಗಂಗಾವತಿಯಿಂದ ಬೇರೆ ಯಾರೋ ಬಂದರು. ಈಕೆಗೆ ಸಿಕ್ಕಿದ್ದು ಇನ್ನೂ ಎರಡು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಆ ಮಗಳು ಅಪ್ಪನಿಲ್ಲದ ಎಷ್ಟು ಭಾನುವಾರ ಕಳೆದಳೋ, ಅದನ್ನು ಲೆಕ್ಕ ಹಾಕುವ ಧೈರ್ಯ ನನಗೆ ಬಂದಿಲ್ಲ.

ಆದರೆ ನನ್ನ ಎದೆಯಲ್ಲಿ ಮುಳ್ಳಾಗಿ ಉಳಿದಿರುವುದು ಆ ಪಟ್ಟಿಯಲ್ಲ. ಪಟ್ಟಿ ಬರುವುದಕ್ಕೂ ಮೊದಲು, ನೋಟಿಸು ಕೊಟ್ಟ ಹದಿನೈದು ಇಪ್ಪತ್ತು ದಿನಕ್ಕೆ ಮತ್ತೆ ಆ ಶಾಲೆಗೆ ಹೋಗಿದ್ದೆ. ನಡೆದು ಹೋದದ್ದು ಕದ್ದು ಕೇಳಲಿಕ್ಕಲ್ಲ. ಗೇಟಿಗೆ ಬೈಕ್ ಓಡಿಸಲು ಮನಸ್ಸು ಬರಲಿಲ್ಲ. ಹಿಂದಿನ ಕಿಟಕಿ ದೂರದಿಂದಲೇ ಕಂಡಿತು. ಕೌದಿ ಇರಲಿಲ್ಲ. ಮಾರ್ಚಿನ ಬಿಸಿಲು ನೇರ ಒಳಗೆ ಹೋಗಿ ಗೋಡೆ ತುಂಬ ಬಿದ್ದಿತ್ತು. ಆ ಬೆಳಕಿನಲ್ಲಿ ಯಾವ ಚಿತ್ರವೂ ಕಾಣುವುದಿಲ್ಲ ಎಂದು ನನಗೆ ಹೇಳಿಕೊಟ್ಟದ್ದೇ ಆಕೆಯ ವಹಿ. ಒಳಗೆ ಮಕ್ಕಳು ಪುಸ್ತಕ ಹಿಡಿದು ಒಂದೇ ರಾಗದಲ್ಲಿ ಓದುತ್ತಿದ್ದರು. ಯಾರೂ ನಗುತ್ತಿರಲಿಲ್ಲ.

ಬಾಗಿಲಿನಿಂದಲೇ ಒಳಗೆ ಹೋದೆ. ಆಕೆ "ಬರ್ರಿ ಸರ್" ಎಂದು ಕುರ್ಚಿ ಸರಿಸಿದಳು. ಕೇಳುವ ಮೊದಲೇ ವಹಿಯನ್ನು ಮೊಳೆಯಿಂದ ತೆಗೆದು ನನ್ನ ಮುಂದೆ ಇಟ್ಟಳು. ತೆರೆದೆ. "ಎರಡು ಸಲ ಮರೆತೆ" ಎಂಬ ಸಾಲು ಹಾಗೇ ಇತ್ತು. ಅದರ ಕೆಳಗೆ, ನೋಟಿಸು ಮುಟ್ಟಿದ ದಿನದಿಂದ, ತಾರೀಖಿನ ಮುಂದೆ ತಾರೀಖು, ಮುತ್ತಿನಂಥ ಅಕ್ಷರದಲ್ಲಿ:

"ಉಪಕರಣವನ್ನು ಸಮರ್ಪಕವಾಗಿ ಬಳಸಲಾಯಿತು. ಮಕ್ಕಳು ಸಂತಸದಿಂದ ಕಲಿತರು."

ನನ್ನ ಹೆಬ್ಬೆರಳು ತಾನಾಗಿ ಅಕ್ಷರದ ಮೇಲೆ ಹೋಯಿತು. ಮಸಿ ಹತ್ತಲಿಲ್ಲ. ಒಂದೇ ಸಲ ಕೂತು ಬರೆದದ್ದಲ್ಲ. ದಿನಾ ಒಂದೇ ಹೊತ್ತಿಗೆ ಬರೆದದ್ದು. ರೂಢಿ ಅಂತೂ ಹತ್ತಿತ್ತು.

"ಇದಕ್ಕ ಸಹಿ ಮಾಡ್ರಿ ಸರ್" ಎಂದು ಆಕೆ ಪೆನ್ನು ಮುಂದೆ ಹಿಡಿದಳು. ದಾರದ ತುದಿ ಇನ್ನೂ ಅದಕ್ಕೆ ಅಂಟಿಕೊಂಡಿತ್ತು.

ಈ ವಹಿಗೆ ಸಹಿ ಇಲ್ಲ ಎಂದು ಹೇಳಬೇಕಿತ್ತು. ಪೆನ್ನು ಇಸಿದುಕೊಂಡು, ಪರಿಶೀಲಿಸಿದೆ ಎಂದು ಬರೆದು, ಕೆಳಗೆ ಸಹಿ ಮಾಡಿದೆ.